ಮೊದಲು ಕತ್ತು ನೋಡಿ

ಕೇಳುಗರಿಗೆ ನಮಸ್ಕಾರ. ಚಳಿಗಾಲ ಬಂದರೆ ಸಾಕು, ಎಲ್ಲರದೂ ಒಂದೇ ಪ್ರಶ್ನೆ: "ಸರ್, ಯಾವ ಬೈನಾಕ್ಯುಲರ್ ತಗೊಳ್ಳಲಿ?" ಅದೆಲ್ಲ ಆಮೇಲೆ. ಮೊದಲು ಹಕ್ಕಿಯ ಕತ್ತು ನೋಡುವುದನ್ನು ಕಲಿಯಿರಿ. ಇವತ್ತು ನಾನು ಹೇಳುವುದು ಇದೊಂದೇ.

ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ಗೊತ್ತಲ್ವಾ? ಹೊಲಕ್ಕೆ ನೀರು ಹಾಯಿಸಲು ಕಟ್ಟಿದ ಕೆರೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಕೆರೆ-ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಇರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ.

ಒಂದು ಜನವರಿ ಬೆಳಿಗ್ಗೆ ಆರೂವರೆಗೆ ದಂಡೆಯ ಮೇಲೆ ಕುಳಿತಿದ್ದೆ. ಹೊಲ ಮೇಯ್ದ ಹಿಂಡುಗಳು ಒಂದೊಂದಾಗಿ ಇಳಿಯುತ್ತಿದ್ದವು. ಕಾಲು ಮುಂದೆ ಚಾಚಿ, ನೀರಿನ ಮೇಲೆ ಗೆರೆ ಎಳೆದು, ಕೂತ ತಕ್ಷಣ ರೆಕ್ಕೆ ಮಡಚಿ ಸುಮ್ಮನಾಗುತ್ತಿದ್ದವು. ಎಮ್ಮೆ ಹೊಡೆದುಕೊಂಡು ಒಬ್ಬ ಅಜ್ಜ ಹತ್ತಿರದಲ್ಲೇ ಹಾದುಹೋದರು. ಒಂದು ಬಾತೂ ಅಲುಗಲಿಲ್ಲ. ಅಜ್ಜ ನನ್ನ ಪಕ್ಕ ಕುಳಿತು ಬೆರಳು ತೋರಿಸಿದರು: "ಸರ, ಆ ಕಡೀದ್ ನೋಡ್ರಿ, ಕುತಿಗಿ ನೆಟ್ಟಗ ಮಾಡೇತಿ. ಇನ್ನೊಂದ್ ಹೆಜ್ಜಿ ಇಟ್ರ ಎಲ್ಲಾ ಏಳ್ತಾವ."

ಹೆಜ್ಜೆ ಇಟ್ಟವನು ಮೊಬೈಲ್ ಹಿಡಿದು ನೀರಿಗಿಳಿದ ಒಬ್ಬ ಹುಡುಗ. ಒಂದು ಕತ್ತು ಎದ್ದಿದ್ದು ಹತ್ತಾಯಿತು, ನೂರಾಯಿತು. ಗದ್ದಲವೆಲ್ಲ ಒಮ್ಮೆಲೇ ನಿಂತಿತು. ಮರುಕ್ಷಣ ಇಡೀ ಕೆರೆಯೇ ಎದ್ದ ಹಾಗೆ! ಹಿಂಡು ಮೂರು ಸುತ್ತು ಹಾಕಿ, ಪಕ್ಕದ ಕಡಲೆ ಹೊಲಕ್ಕೇ ಇಳಿಯಿತು. ಅಜ್ಜ ಮಾತಾಡದೆ ಎದ್ದು ಅತ್ತ ನಡೆದರು. ಹೊಲ ಅವರದೇ.

ಸುಮ್ನೆ ಒಂದು ಫೋಟೋಕ್ಕೆ ಇಷ್ಟೆಲ್ಲ ಬೇಕಾ? ಈ ಬಾತು ಮಂಗೋಲಿಯಾ, ಟಿಬೆಟ್ ಕಡೆಗೆ ಹಿಮಾಲಯ ದಾಟಿ ವಾಪಸ್ ಹೋಗಬೇಕು. ಜಿಪಿಎಸ್ ಕಟ್ಟಿ ನೋಡಿದಾಗ ಒಂದು ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ದೂರದ ದಾರಿಗೆ ಇಲ್ಲಿ ತಿಂದು ಕೂಡಿಟ್ಟ ಕೊಬ್ಬೇ ಬುತ್ತಿ. ನೀವು ಎಬ್ಬಿಸಿದಷ್ಟೂ ಬುತ್ತಿ ಕರಗುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ: ಕತ್ತು ನೆಟ್ಟಗಾಯಿತೆಂದರೆ ನಿಲ್ಲಿ. ಕತ್ತು ಬಾಗುವವರೆಗೂ ಅಲ್ಲಾಡಬೇಡಿ.

ಸಮಯ ಆಗುತ್ತಾ ಬಂತು. ಇನ್ನೊಂದೇ ಮಾತು. ಕೆಲವು ಹೆಬ್ಬಾತುಗಳ ಕತ್ತಿನಲ್ಲಿ, ಅವು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ತಿಳಿಯಲು ಸಂಶೋಧಕರು ಹಾಕಿದ, ಅಕ್ಷರ, ಅಂಕಿ ಇರುವ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಮಂಗೋಲಿಯಾದಲ್ಲಿ ಹಾಕಿದ ಪಟ್ಟಿಗಳನ್ನು ನಮ್ಮ ಕರ್ನಾಟಕದ ಕೆರೆಗಳಲ್ಲೂ ಓದಿದ್ದಾರೆ. ನಿಮಗೂ ಕಾಣಬಹುದು. ಕುಳಿತಲ್ಲಿಂದಲೇ ಓದಿ, ತಾರೀಖಿನ ಸಮೇತ ಬರೆದಿಟ್ಟುಕೊಳ್ಳಿ. ನಮಸ್ಕಾರ.