ಗೆರಟೆ ಕೆಂಡದಲ್ಲಿ ಸುಟ್ಟ ದೊಣ್ಣೆಮೆಣಸು, ಸಣ್ಣ ಉರಿಯ ಚಿಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಲ್ಲಿ ಎಂದ ಕೂಡಲೇ ಕುಂಬಳೆ, ಬದಿಯಡ್ಕ ಪೇಟೆಗಳ ಗೋಬಿ ಚಿಲ್ಲಿ ನೆನಪಾಗುವುದು ಸಹಜ. ಇವತ್ತು ಹೇಳುವುದು ಅದರ ವಿಷಯವಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಒಣಮೆಣಸು ಅರೆದು ಹಾಕಿ, ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ ಮಾಡುವ, ನಮ್ಮ ಗಸಿಯಂತೆ ದಪ್ಪಗಿರುವ ಪದಾರ್ಥಕ್ಕೂ ಚಿಲ್ಲಿ ಎಂದೇ ಹೆಸರು. 1977ರಲ್ಲಿ ಅದು ಆ ರಾಜ್ಯದ ಅಧಿಕೃತ ಖಾದ್ಯವಾಯಿತು. ಅಲ್ಲಿನ ಕಟ್ಟಾ ಸಂಪ್ರದಾಯದವರು ಅದಕ್ಕೆ ಕಾಳು ಸೇರಿಸಲು ಒಪ್ಪುವುದಿಲ್ಲ. ಬೇರೆ ಕಡೆಗಳಲ್ಲಿ ರಾಜ್ಮಾ ಹಾಕುವುದು ರೂಢಿ. ಮಾಂಸ ಬಿಟ್ಟು, ರಾಜ್ಮಾ ಮತ್ತು ಸುಟ್ಟ ದೊಣ್ಣೆಮೆಣಸಿನಿಂದ ಅದನ್ನು ನಮ್ಮ ಒಲೆಯಲ್ಲೇ ಚೆನ್ನಾಗಿ ಮಾಡಬಹುದು. ಯಾವುದರ ನಂತರ ಯಾವುದು ಎಂಬ ಕ್ರಮವೊಂದು ತಪ್ಪಬಾರದು, ಅಷ್ಟೆ.

ಆರು ಜನರಿಗೆ ಕಾಲು ಕಿಲೋ ರಾಜ್ಮಾ ಸಾಕು. ಹಿಂದಿನ ರಾತ್ರಿ ಒಂದು ಲೀಟರು ನೀರಿಗೆ ಎರಡು ಚಮಚ ಉಪ್ಪು ಕರಗಿಸಿ, ಅದರಲ್ಲಿ ಹತ್ತು ಗಂಟೆ ನೆನೆಹಾಕಿ. ಉಪ್ಪುನೀರಿನಲ್ಲಿ ನೆನೆದ ಕಾಳಿನ ಸಿಪ್ಪೆ ಮೆತ್ತಗಾಗುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿ, ಕಾಳು ತೊಳೆದು, ಒಂದು ಲೀಟರು ಹೊಸ ನೀರಿನಲ್ಲಿ ಹತ್ತು ನಿಮಿಷ ಕೊತಕೊತನೆ ಕುದಿಸಬೇಕು. ಈ ಹತ್ತು ನಿಮಿಷವನ್ನು ಬಿಡಲೇಬಾರದು. ಹಸಿ ರಾಜ್ಮಾದಲ್ಲಿ ವಾಂತಿ, ಭೇದಿ ತರಿಸುವ ಒಂದು ವಿಷಾಂಶ ಇದೆ. ಅದು ನಾಶವಾಗಲು ಚೆನ್ನಾಗಿ ಕುದಿಯಬೇಕು. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಅದು ಹೋಗುವುದಿಲ್ಲ. ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಗೆ ಹಸಿ ಕಾಳನ್ನು ನೇರ ಹಾಕುವುದು ಅಪಾಯ. ಕುದಿದ ಮೇಲೆ ಕುಕ್ಕರಿನ ಮುಚ್ಚಳ ಹಾಕಿ, ಒಂದು ಸೀಟಿ ಬಂದ ನಂತರ ಉರಿ ಸಣ್ಣ ಮಾಡಿ ಹದಿನೈದು ನಿಮಿಷ ಬಿಡಿ. ಎರಡು ಬೆರಳ ನಡುವೆ ಒತ್ತಿದರೆ ಕಾಳು ಬೆಣ್ಣೆಯ ಹಾಗೆ ಜಜ್ಜಿಹೋಗಬೇಕು. ಒಳಗೆ ಕಣಕಣ ಸಿಕ್ಕಿದರೆ ಇನ್ನೂ ಬೇಯಲಿ. ಮಳೆಗಾಲದ ತೇವ, ಸೆಕೆಯಲ್ಲಿ ತಿಂಗಳುಗಟ್ಟಲೆ ಡಬ್ಬದಲ್ಲಿ ಕೂತ ಕಾಳು ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ; ಅಂಥದ್ದಕ್ಕೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ. ಕಾಳು ಬೆಂದ ನೀರನ್ನು ಚೆಲ್ಲಬೇಡಿ.

ಇನ್ನು ದೊಣ್ಣೆಮೆಣಸು. ಮೂರು ದೊಡ್ಡದು, ಸುಮಾರು ನಾನ್ನೂರು ಗ್ರಾಂ. ಕೆಂಪು ಸಿಕ್ಕಿದರೆ ಅದೇ ಒಳ್ಳೆಯದು, ಹಣ್ಣಾದ್ದರಿಂದ ಸಿಹಿ ಇರುತ್ತದೆ. ಹಸುರಿನಲ್ಲಿ ತುಸು ಕಹಿ. ಸುಡಲು ಗೆರಟೆಯ ಕೆಂಡಕ್ಕೆ ಸಮ ಬೇರೊಂದಿಲ್ಲ. ಏಳೆಂಟು ಗೆರಟೆ ಉರಿಸಿ, ಹೊಗೆ ಪೂರ್ತಿ ಅಡಗಿ, ಕೆಂಡದ ಮೇಲೆ ಬೂದಿಯ ತೆಳು ಪರೆ ಕಟ್ಟುವವರೆಗೆ ಕಾಯಬೇಕು. ಹೊಗೆಯಾಡುವಾಗಲೇ ಇಟ್ಟರೆ ಮಸಿಯ ಕಮಟು ಕೊನೆಯವರೆಗೂ ಉಳಿಯುತ್ತದೆ. ಮೆಣಸಿಗೆ ಎಣ್ಣೆ ಸವರಬೇಡಿ, ತೊಟ್ಟು ಕೀಳಬೇಡಿ, ಕೊಯ್ಯಲೂ ಬೇಡಿ. ಇಡಿಯಾಗಿ ಕೆಂಡದ ಮೇಲಿಟ್ಟರೆ ಸ್ವಲ್ಪ ಹೊತ್ತಿಗೆ ಚಿಟಚಿಟ ಸದ್ದು ಶುರುವಾಗುತ್ತದೆ. ಸಿಪ್ಪೆಯಲ್ಲಿ ಬೊಕ್ಕೆ ಏಳುತ್ತದೆ, ಬೊಕ್ಕೆ ಕಪ್ಪಾಗುತ್ತದೆ, ಒಳಗಿನ ರಸ ಕುದಿದು ತೊಟ್ಟಿನ ಬುಡದಲ್ಲಿ ನೊರೆ ಬರುತ್ತದೆ. ಇಕ್ಕಳದಲ್ಲಿ ಹಿಡಿದು ಮಗ್ಗುಲು ಬದಲಿಸುತ್ತಾ ಹತ್ತು ಹನ್ನೆರಡು ನಿಮಿಷ ಸುಡಿ. ಹಸುರು ಅಥವಾ ಕೆಂಪು ಕಾಣುವ ಜಾಗ ಒಂದೂ ಇರಬಾರದು. ಅರ್ಧ ಕಪ್ಪಾದಾಗಲೇ ತೆಗೆದರೆ ಸುಡದ ಕಡೆಯ ಸಿಪ್ಪೆ ಅಂಟಿಕೊಂಡು, ಮಾಂಸಲ ಭಾಗ ಅದರ ಜೊತೆಗೇ ಕಿತ್ತು ಬರುತ್ತದೆ. ಗ್ಯಾಸಿನಲ್ಲಾದರೆ ಉರಿ ದೊಡ್ಡದಿರಲಿ. ಸಣ್ಣ ಉರಿಯಲ್ಲಿ ಸಿಪ್ಪೆ ಕರಿಯಾಗುವ ಮೊದಲೇ ಒಳಗು ಮುದ್ದೆಯಾಗುತ್ತದೆ.

ಸುಟ್ಟದ್ದನ್ನು ಕೂಡಲೇ ಪಾತ್ರೆಗೆ ಹಾಕಿ ಮುಚ್ಚಿ, ಕಾಲು ಗಂಟೆ ಮುಟ್ಟಬೇಡಿ. ಅದರದೇ ಹಬೆಗೆ ಸಿಪ್ಪೆ ಸಡಿಲವಾಗಿ, ಬೆರಳ ತುದಿಯಿಂದ ತಳ್ಳಿದರೆ ಜಾರುತ್ತದೆ. ನಲ್ಲಿ ನೀರಿನ ಕೆಳಗೆ ಹಿಡಿದು ತೊಳೆಯುವುದು ಬಹಳ ಮಂದಿ ಮಾಡುವ ತಪ್ಪು. ಸುಟ್ಟ ಪರಿಮಳವೆಲ್ಲ ಆ ನೀರಿನ ಜೊತೆ ಹೋಗುತ್ತದೆ. ಬೆರಳು ಒದ್ದೆ ಮಾಡಿಕೊಂಡರೆ ಸಾಕು. ನಾಲ್ಕು ಕಪ್ಪು ಚುಕ್ಕೆ ಉಳಿದರೆ ಉಳಿಯಲಿ. ಬೀಜ, ತೊಟ್ಟು ತೆಗೆದು ಹೆಚ್ಚಿ. ಪಾತ್ರೆಯ ತಳದಲ್ಲಿ ಇಳಿದ ರಸವನ್ನು ಎತ್ತಿಡಿ.

ಬಣ್ಣಕ್ಕೆ ಬ್ಯಾಡಗಿ ಒಣಮೆಣಸು ಹನ್ನೆರಡು, ಖಾರಕ್ಕೆ ಗುಂಟೂರು ಮೆಣಸು ಎರಡು. ಮೆಣಸಿನ ಖಾರ ಹೆಚ್ಚಾಗಿ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಖಾರ ಬೇಡದವರು ಅದನ್ನು ಕೆರೆದು ತೆಗೆಯಲಿ. ಕಾವಲಿಯಲ್ಲಿ ಸಣ್ಣ ಉರಿಗೆ ಅರ್ಧ ನಿಮಿಷ ಹುರಿದರೆ ಮೆಣಸು ಉಬ್ಬಿ ಘಮ್ಮೆನ್ನುತ್ತದೆ. ಅಲ್ಲಿಗೇ ತೆಗೆಯಿರಿ. ಕರಿದಾದ ಒಣಮೆಣಸಿನ ಕಹಿಯನ್ನು ಬೆಲ್ಲವಾಗಲಿ ಹುಳಿಯಾಗಲಿ ಮುಚ್ಚುವುದಿಲ್ಲ. ಎಸೆದು ಬೇರೆ ಹುರಿಯುವುದೇ ಲೇಸು. ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಗಂಧದ ಹಾಗೆ ನುಣ್ಣಗೆ ಅರೆಯಿರಿ. ಬ್ಯಾಡಗಿಯ ಸಿಪ್ಪೆ ತರಿಯಾಗಿ ಉಳಿದರೆ ಬಾಯಿಗೆ ಸಿಗುತ್ತದೆ. ಮೆಣಸಿನ ಖಾರ ನೀರಿಗೆ ಬಿಡದು, ಎಣ್ಣೆಗೆ ಬಿಡುತ್ತದೆ. ಕೈ ಉರಿದರೆ ಮೊದಲು ತೆಂಗಿನೆಣ್ಣೆ ಉಜ್ಜಿ, ಆಮೇಲೆ ಸಾಬೂನು ಹಾಕಿ.

ದಪ್ಪ ತಳದ ಪಾತ್ರೆಯಲ್ಲಿ ನಾಲ್ಕು ದೊಡ್ಡ ಚಮಚ ತೆಂಗಿನೆಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಎರಡು ದೊಡ್ಡ ನೀರುಳ್ಳಿಯನ್ನು ಹದಿನೈದು ನಿಮಿಷ, ಕಂದು ಬಣ್ಣ ಬರುವವರೆಗೆ ಬಾಡಿಸಿ. ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಹುರಿದು ಪುಡಿ ಮಾಡಿದ ಎರಡು ಚಮಚ ಜೀರಿಗೆ, ಒಂದು ಚಮಚ ಕೊತ್ತಂಬರಿ ಸೇರಲಿ. ನಂತರ ಅರೆದ ಮೆಣಸು. ಎಣ್ಣೆ ಅಂಚಿನಲ್ಲಿ ಕೆಂಪಗೆ ಬಿಡುವವರೆಗೆ ಮಗುಚುತ್ತಾ ಇರಬೇಕು. ಏಳೆಂಟು ನಿಮಿಷ ಬೇಕಾಗುತ್ತದೆ. ಇಲ್ಲಿ ಅವಸರ ಮಾಡಿದರೆ ಹಸಿ ವಾಸನೆ ಹೋಗುವುದಿಲ್ಲ. ಆಮೇಲೆ ನಾಲ್ಕು ಟೊಮೆಟೊ ಹೆಚ್ಚಿ ಹಾಕಿ, ಕರಗಿದ ನಂತರ ಕಾಳನ್ನು ಅದರ ನೀರಿನ ಸಮೇತ ಸುರಿಯಿರಿ. ಬೇಯದ ಕಾಳಿಗೆ ಹುಳಿ ಸೋಕಿದರೆ ಅದು ಮತ್ತೆ ಮೆತ್ತಗಾಗುವುದು ಕಷ್ಟ. ಕಾಳನ್ನು ಮೊದಲೇ ಪೂರ್ತಿ ಬೇಯಿಸಿದ್ದು ಅದಕ್ಕಾಗಿಯೇ.

ಅಲ್ಲಿ ಒರೆಗಾನೊ ಎಂಬ ಸೊಪ್ಪು ಹಾಕುತ್ತಾರೆ. ನಮ್ಮ ಅಂಗಳದ ಸಾಂಬ್ರಾಣಿ ಸೊಪ್ಪಿಗೆ, ಅಂದರೆ ದೊಡ್ಡಪತ್ರೆಗೆ, ಅದನ್ನೇ ಹೋಲುವ ಪರಿಮಳ ಇದೆ. ನಾಲ್ಕು ಎಲೆ ಚೂರು ಮಾಡಿ ಹಾಕಿ. ಸುಟ್ಟ ದೊಣ್ಣೆಮೆಣಸಿನಲ್ಲಿ ಅರ್ಧವನ್ನು ಈಗ ಹಾಕಿದರೆ ಅದು ಕರಗಿ ರಸಕ್ಕೆ ದಪ್ಪ ಕೊಡುತ್ತದೆ. ಉಳಿದರ್ಧವನ್ನು ಮತ್ತು ಎತ್ತಿಟ್ಟ ರಸವನ್ನು ಇಳಿಸಲು ಇಪ್ಪತ್ತು ನಿಮಿಷ ಇರುವಾಗ ಹಾಕಬೇಕು. ಸುಟ್ಟ ಪರಿಮಳ ಉಳಿಯುವುದು ಅದರಿಂದಲೇ.

ಮುಚ್ಚಳ ಓರೆಯಾಗಿಟ್ಟು ಒಂದೂವರೆ ಗಂಟೆ ಸಣ್ಣ ಉರಿ. ಗುಳ್ಳೆ ಒಂದಾದ ಮೇಲೊಂದು ಬರಬೇಕು, ಮರಳಬಾರದು. ಕಾಳಿನ ಹಿಟ್ಟು ತಳಕ್ಕೆ ಕೂರುವುದರಿಂದ ಹತ್ತು ನಿಮಿಷಕ್ಕೊಮ್ಮೆ ಸೌಟಿನಲ್ಲಿ ತಳ ಕೆರೆದು ತಿರುವಿ. ಸೀದ ವಾಸನೆ ಬಂದರೆ ಮಾತ್ರ ಕೆರೆಯಬೇಡಿ. ಮೇಲಿನದ್ದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿದರೆ ಅಡುಗೆ ಕೆಡದೆ ಉಳಿಯುತ್ತದೆ. ರಸ ತೆಳ್ಳಗೆ ಕಂಡರೆ ಒಂದು ಸೌಟು ಕಾಳು ಮಸೆದು ಸೇರಿಸಿ. ರಸ ಬತ್ತಿದಷ್ಟೂ ಉಪ್ಪು ಏರುವುದರಿಂದ ಉಪ್ಪನ್ನು ಕೊನೆಯಲ್ಲೇ ನೋಡಿ ಹಾಕಬೇಕು. ಅಡಿಕೆ ಗಾತ್ರದ ಬೆಲ್ಲವೂ ಆಗಲೇ. ಖಾರ ಹೆಚ್ಚಾದರೆ ನೀರು ಹೊಯ್ಯಬೇಡಿ, ಬೇಯಿಸಿದ ಕಾಳು ಇನ್ನಷ್ಟು ಸೇರಿಸಿ.

ಇಳಿಸಿದ ಕೂಡಲೇ ಬಡಿಸಿದರೆ ಖಾರ, ಹುಳಿ, ಉಪ್ಪು ಬೇರೆಬೇರೆಯಾಗಿಯೇ ತೋರುತ್ತವೆ. ಮರುದಿನಕ್ಕೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ನಮ್ಮ ಕರಾವಳಿಯ ಸೆಕೆಗೆ ರಾತ್ರಿಯಿಡೀ ಹೊರಗಿಟ್ಟರೆ ಹಳಸುತ್ತದೆ; ಅಗಲ ಪಾತ್ರೆಯಲ್ಲಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ಮರುದಿನ ಅರ್ಧ ಲೋಟ ಬಿಸಿನೀರು ಸೇರಿಸಿ, ಸರಿಯಾಗಿ ಕುದಿ ಬರಿಸಿ, ಬಿಸಿ ಕುಚ್ಚಲಕ್ಕಿ ಅನ್ನಕ್ಕೆ ಬಡಿಸಿ. ನಮಸ್ಕಾರ.