ಏಳಿಮಲೆಯ ಗುರುತು

ಕೇಳುಗರೆಲ್ಲರಿಗೂ ನಮಸ್ಕಾರ.

ತಲಕಾವೇರಿಯಲ್ಲಿ ತೀರ್ಥ ತೆಗೆದುಕೊಂಡು ಬ್ರಹ್ಮಗಿರಿಯ ಮೆಟ್ಟಿಲು ಹತ್ತಿದವರಿಗೆ, ಆಕಾಶ ತಿಳಿಯಾಗಿದ್ದ ದಿನ, ಪಡುವಣದಲ್ಲಿ ಅರಬ್ಬಿ ಸಮುದ್ರ ಕಾಣುತ್ತದೆಂಬುದು ಕೊಡಗಿನಲ್ಲಿ ಎಲ್ಲರೂ ಬಲ್ಲ ಮಾತು. ಚಿಕ್ಕಂದಿನಲ್ಲಿ ನನ್ನ ಅಜ್ಜ ಅಲ್ಲಿ ನಿಂತು ಕೈ ತೋರಿಸಿದಾಗ ನನಗೆ ಮಂಜಿನ ಹೊರತು ಏನೂ ಕಂಡಿರಲಿಲ್ಲ; ಆದರೂ ಅವರಿಗೆ ಬೇಸರವಾಗಬಾರದೆಂದು ಕಂಡಿತೆಂದೇ ಹೇಳಿಬಿಟ್ಟಿದ್ದೆ. ಹೀಗೆ ಮಲೆಯ ಮೇಲಿನಿಂದ ಕಡಲನ್ನು ಹುಡುಕಿದವರು ನಾವು. ಕಡಲಿನಿಂದ ಮಲೆಯನ್ನು ಹುಡುಕಿ ದಾರಿ ಕಂಡುಕೊಂಡವರ ಒಂದು ಗುರುತನ್ನು ನೋಡಲು ಹೋಗಿದ್ದ ಕಥೆಯನ್ನು ಇಂದು ಹೇಳುತ್ತೇನೆ.

ಆ ಗುರುತಿನ ಹೆಸರು ಏಳಿಮಲೆ. ವಿರಾಜಪೇಟೆಯಿಂದ ಮಾಕುಟ್ಟದ ಕಾಡುದಾರಿಯಲ್ಲಿ ಇಳಿದು, ಇರಿಟ್ಟಿ, ತಳಿಪರಂಬ ದಾಟಿ, ಪಳಯಂಗಡಿಯ ಕಡೆಗೆ ತಿರುಗಿದರೆ ಕಣ್ಣೂರು ಜಿಲ್ಲೆಯ ಆ ಕಡಲಂಚು ಸಿಗುತ್ತದೆ. ನಾವು ಹೋದದ್ದು ಜನವರಿಯಲ್ಲಿ. ಪುದಿಯಂಗಡಿಯ ಮೀನುಗಾರಿಕೆ ಬಂದರಿನ ಹತ್ತಿರ ವಾಹನ ನಿಲ್ಲಿಸಿ, ಚೂಟ್ಟಾಡ್ ಕಡಲತೀರದಲ್ಲಿ ಬಡಗಣಕ್ಕೆ ಮುಖ ಮಾಡಿ ನಡೆಯತೊಡಗಿದೆವು. ಎಡಗಡೆ ಸಮುದ್ರ, ಬಲಗಡೆ ಗಾಳಿಮರಗಳ ಸಾಲು, ಎದುರಿಗೆ ನೀರಿನೊಳಕ್ಕೇ ಕಾಲು ಚಾಚಿ ಮಲಗಿದಂತಿರುವ ಗುಡ್ಡಗಳ ಒಂದು ಗುಂಪು. ನಡೆದಷ್ಟೂ ಅದು ಹತ್ತಿರ ಬಂದಂತೆ ತೋರಲಿಲ್ಲ. ಕೊನೆಗೆ ಪಾಲಕ್ಕೋಡಿನ ಅಳಿವೆ ಅಡ್ಡ ಬಂದು ನಮ್ಮ ನಡಿಗೆಯನ್ನು ನಿಲ್ಲಿಸಿತು. ಮಲೆಯ ಮೇಲೆ ಈಗ ಭಾರತೀಯ ನೌಕಾ ಅಕಾಡೆಮಿಯಿದೆ. 2009ರಲ್ಲಿ ಆರಂಭವಾದ ಆ ಸಂಸ್ಥೆಯ ಆವರಣಕ್ಕೆ ಸಾರ್ವಜನಿಕರಿಗೆ ಮುಕ್ತ ಪ್ರವೇಶವಿಲ್ಲ. ಅದರಿಂದ ನನಗೇನೂ ನಷ್ಟವಾಗಲಿಲ್ಲ. ದೂರದಿಂದ ನೋಡುವುದಕ್ಕೆಂದೇ ಇರುವ ಗುರುತನ್ನು ಅದರ ನೆತ್ತಿಯ ಮೇಲೆ ನಿಂತು ನೋಡಲು ಹೇಗೂ ಆಗುವುದಿಲ್ಲವಷ್ಟೆ.

ಏಳಿಮಲೆಯ ಎತ್ತರ 286 ಮೀಟರ್. ಕೊಡಗಿನವರಿಗೆ ಇದು ತೋಟದ ಹಿಂದಿನ ಗುಡ್ಡದ ಲೆಕ್ಕ. ಆದರೆ ಭೂಮಿ ದುಂಡಗಿರುವುದರಿಂದ ಸಮುದ್ರದ ಮೇಲೆ ದೃಷ್ಟಿಗೆ ಒಂದು ಮಿತಿ ಇದೆ. ಇಷ್ಟು ಎತ್ತರದ ನೆತ್ತಿ, ಗಾಳಿ ತಿಳಿಯಾಗಿದ್ದರೆ, ಸುಮಾರು 60 ಕಿಲೋಮೀಟರ್ ದೂರದ ನೀರಿನ ಮಟ್ಟದಿಂದಲೂ ಕಾಣಬಲ್ಲದು; ಪಟಸ್ತಂಭ ಹತ್ತಿದವನಿಗೆ ಇನ್ನೂ ಹತ್ತು ಕಿಲೋಮೀಟರ್ ಮೊದಲೇ ಕಂಡೀತು. ದಡದ ತೆಂಗಿನ ತೋಟಗಳು ಕಣ್ಣಿಗೆ ಬೀಳುವ ಎಷ್ಟೋ ಗಂಟೆಗಳ ಮುಂಚೆ ನೀರಿನಿಂದ ಒಂದು ತಲೆ ಮೇಲೇಳುತ್ತದೆ, ಮೊದಲ ನೋಟಕ್ಕೆ ಒಂಟಿ ದ್ವೀಪದಂತೆ.

ಹಾಯಿಹಡಗಿನ ಕಾಲದಲ್ಲಿ ಆ ತಲೆಗೆ ಎಷ್ಟು ಬೆಲೆಯಿತ್ತೆಂಬುದನ್ನು ತಿಳಿಯಲು ಅರಬ್ ನಾವಿಕರ ಕಮಾಲ್ ಎಂಬ ಸಾಧನವನ್ನು ನೋಡಬೇಕು. ಅದೊಂದು ಚಿಕ್ಕ ಮರದ ಹಲಗೆ. ನಡುವಿನಿಂದ ಹೊರಟ ದಾರಕ್ಕೆ ಅಲ್ಲಲ್ಲಿ ಗಂಟುಗಳು. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ದಾರ ಬಿಗಿಯಾಗುವಂತೆ ಹಲಗೆಯನ್ನು ಮುಂದೆ ಹಿಡಿದು, ಅದರ ಕೆಳಗಿನ ಅಂಚಿಗೆ ದಿಗಂತವನ್ನೂ ಮೇಲಿನ ಅಂಚಿಗೆ ಧ್ರುವ ನಕ್ಷತ್ರವನ್ನೂ ಹೊಂದಿಸಿದರೆ, ಹಡಗು ಎಷ್ಟು ಬಡಗಣಕ್ಕಿದೆ, ಎಷ್ಟು ತೆಂಕಣಕ್ಕಿದೆ ಎಂಬುದು ಗೊತ್ತಾಗುತ್ತಿತ್ತು. ಏಳಿಮಲೆ ಇರುವುದು ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿ. ನಮ್ಮ ಊರುಗಳೂ ಹೆಚ್ಚುಕಡಿಮೆ ಅದೇ ನೇರದಲ್ಲಿರುವುದರಿಂದ, ಇಂದು ರಾತ್ರಿ ಬಯಲಿನಲ್ಲಿ ಬಡಗಣಕ್ಕೆ ಮುಖ ಮಾಡಿ ನಿಂತು, ಕೈ ನೀಡಿ ಮುಷ್ಟಿಯ ಕೆಳಗಿನ ಅಂಚು ದಿಗಂತಕ್ಕೆ ತಾಗುವಂತೆ ಹಿಡಿದರೆ, ಅದರ ಸ್ವಲ್ಪ ಮೇಲೆ ನಿಮಗೂ ಧ್ರುವ ನಕ್ಷತ್ರ ಸಿಕ್ಕೀತು. ಆದರೆ ದಡ ಇನ್ನೆಷ್ಟು ದೂರವಿದೆ ಎಂಬುದನ್ನು ಕಮಾಲ್ ಹೇಳುತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಮಲೆ ಕಂಡಾಗಲೇ.

ಹೀಗಾಗಿ ಈ ಗುಡ್ಡದ ಹೆಸರು ದೂರದೂರದ ಬರಹಗಳಲ್ಲಿ ಉಳಿಯಿತು. 13ನೆಯ ಶತಮಾನದ ಕೊನೆಯಲ್ಲಿ ಈ ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಎಲಿ ಎಂಬ ರಾಜ್ಯವನ್ನೂ ಅಲ್ಲಿನ ಮೆಣಸು, ಶುಂಠಿಗಳನ್ನೂ ಹೆಸರಿಸುತ್ತಾನೆ. ಬೇರೆಲ್ಲಿಗೋ ಹೊರಟ ಹಡಗು ದಾರಿ ತಪ್ಪಿ ಅಲ್ಲಿಗೆ ಬಂದರೆ ಅದರ ಸರಕನ್ನೆಲ್ಲ ಕಿತ್ತುಕೊಳ್ಳುತ್ತಿದ್ದರೆಂದೂ ಹೇಳುತ್ತಾನೆ. ಗುರುತು ತಪ್ಪಿದರೆ ತೆರಬೇಕಾದ ದಂಡ ಬಂಡೆಗೆ ಬಡಿಯುವುದೊಂದೇ ಆಗಿರಲಿಲ್ಲ ಎಂದಾಯಿತು. 14ನೆಯ ಶತಮಾನದ ಇಬ್ನ್ ಬತೂತ ಇದನ್ನು ಹೀಲಿ ಎಂದು ಕರೆದು, ಚೀನಾದ ಹಡಗುಗಳು ಬರುವ ಕೆಲವೇ ರೇವುಗಳಲ್ಲಿ ಒಂದೆಂದು ಬರೆದಿದ್ದಾನೆ. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಆಫ್ರಿಕಾದ ಮಾಲಿಂದಿಯಿಂದ ಹೊರಟು, 23 ದಿನ ನೀರನ್ನು ಬಿಟ್ಟು ಬೇರೇನನ್ನೂ ಕಾಣದೆ, ಮೇ ತಿಂಗಳಲ್ಲಿ ಎತ್ತರದ ನೆಲವೊಂದನ್ನು ಕಂಡವು. ಅದು ಏಳಿಮಲೆಯೇ ಎಂದು ಹಲವು ಇತಿಹಾಸಕಾರರು ಗುರುತಿಸಿದ್ದಾರೆ. ಸೊಗಸಾದ ಮಾತೆಂದರೆ, ದಡದ ಹತ್ತಿರ ಬಂದಾಗ ಗುಡುಗು, ಮಳೆ ಸುರಿದು, ದಾರಿ ತೋರಲು ಬಂದಿದ್ದ ಅನುಭವಿ ನಾವಿಕನಿಗೇ ಇದು ಯಾವ ಜಾಗವೆಂದು ಸರಿಯಾಗಿ ಹೇಳಲಾಗಲಿಲ್ಲವೆಂದು ಆ ಪ್ರಯಾಣದ ದಿನಚರಿ ತಿಳಿಸುತ್ತದೆ. ಮೇ ತಿಂಗಳ ಸಂಜೆ ಮಳೆಯಲ್ಲಿ ಎದುರಿನ ಮನೆಯೇ ಕಾಣದಿರುವುದನ್ನು ಬಲ್ಲ ನಾನು ಅವನನ್ನು ಆಕ್ಷೇಪಿಸಲಾರೆ.

ಹೆಸರಿನ ಬಗೆಗೆ ಜಗಳವಿದೆ. ಏಳು ಮಲೆ ಎನ್ನುವವರಿದ್ದಾರೆ. ಎಲಿ ಮಲೆ, ಅಂದರೆ ಇಲಿಯ ಬೆಟ್ಟ ಎನ್ನುವವರೂ ಇದ್ದಾರೆ. ಇಲ್ಲಿ ಆಳಿದವರು ಮೂಷಿಕ ವಂಶದ ಅರಸರಾದ್ದರಿಂದ ನನಗೆ ಎರಡನೆಯದೇ ರುಚಿಸುತ್ತದೆ. ಹನುಮಂತ ಹೊತ್ತು ತಂದ ಔಷಧಿಯ ಪರ್ವತದ ಒಂದು ಚೂರು ಇಲ್ಲಿ ಬಿತ್ತೆಂಬ ಕಥೆಯೂ ಉಂಟು.

ಅಳಿವೆಯ ಬಳಿ ದೋಣಿಯ ನೆರಳಿನಲ್ಲಿ ಒಬ್ಬ ಹಿರಿಯರು ಬಲೆಯ ಹರಕು ಕಟ್ಟುತ್ತಿದ್ದರು. ನನ್ನ ಮುರುಕು ಮಲಯಾಳದಲ್ಲಿ ಮಾತಿಗೆಳೆದೆ. ಈಗ ಎಲ್ಲರ ಮೊಬೈಲಿನಲ್ಲೂ ಜಿಪಿಎಸ್ ಇದೆ, ಆದರೂ ಮೀನಿನ ಜಾಗ ನೆನಪಿಡಲು ಮಲೆಯೇ ಬೇಕು ಎಂದರು. ಬಲೆಯ ಸೂಜಿಯನ್ನು ಕಣ್ಣಿನ ನೇರಕ್ಕೆ ಎತ್ತಿ ಹಿಡಿದು, ಗುಡ್ಡದ ಇಂಥ ಏಣು ದಡದ ಇಂಥ ಮರದ ಹಿಂದೆ ಸರಿಯಾಗಿ ನಿಂತಾಗ ಬಲೆ ಬಿಡಬೇಕೆಂದು ತೋರಿಸಿದರು.

ನನಗೆ ಊರಿನ ಅಭಿಮಾನ ಸುಮ್ಮನಿರಗೊಡಲಿಲ್ಲ. "ನಮ್ಮ ಕೊಡಗಿನ ಮಲೆಗಳು ಇದಕ್ಕಿಂತ ಎಷ್ಟೋ ಎತ್ತರ, ತಡಿಯಂಡಮೋಳ್ ಒಂದೇ 1748 ಮೀಟರ್. ದೋಣಿಯಿಂದ ಅವು ಕಾಣುವುದಿಲ್ಲವೇ?" ಎಂದು ಕೇಳಿದೆ.

ಅವರು ದಾರವನ್ನು ಹಲ್ಲಿನಿಂದ ಕತ್ತರಿಸಿ, "ಕಾಣುತ್ತವೆ, ಮಳೆ ಬಿಟ್ಟ ಮೇಲೆ ಚೆನ್ನಾಗಿಯೇ ಕಾಣುತ್ತವೆ. ಆದರೆ ಅದು ಗೋಡೆಯ ಹಾಗೆ, ಮಂಗಳೂರಿನ ಕಡೆಗೆ ಹೋದರೂ ಅದೇ, ಕೋಝಿಕ್ಕೋಡಿನ ಕಡೆಗೆ ಹೋದರೂ ಅದೇ. ಗೋಡೆ ನೋಡಿ ಬಾಗಿಲು ಎಲ್ಲಿದೆ ಅಂತ ಹೇಗೆ ಹೇಳುವುದು ಮೋನೇ?" ಎಂದು ಮತ್ತೆ ಬಲೆಗೆ ಬಗ್ಗಿದರು.

ನಮಸ್ಕಾರ.