ಲ್ಯಾಪ್‌ವೈ ಡಾಕ್ಟರ ಮನೆಯಿಂದ ಅಮ್ಮನಿಗೆ ಕಾಗದ

ಸುತ್ತ ಬೋಳು ಗುಡ್ಡ, ನಡುವೆ ಹುಲ್ಲಿನ ಬಯಲು. ಇದು ಅಮೆರಿಕದ ಐಡಾಹೊ ರಾಜ್ಯದ ಲ್ಯಾಪ್‌ವೈ. ನೆಜ್ ಪರ್ಸ್ ಬುಡಕಟ್ಟಿನ ಆಡಳಿತ ಕಚೇರಿ ಇರುವ ಊರು. ಅವರು ತಮ್ಮನ್ನು ನಿಮಿಪು ಅಂತ ಕರೆದುಕೊಳ್ಳುತ್ತಾರೆ.

1870ರ ದಶಕದಲ್ಲಿ ಇಲ್ಲಿ ಸೈನ್ಯದ ಠಾಣೆ ಇತ್ತು. ಹೆಸರಿಗೆ ಫೋರ್ಟ್. ಚಿತ್ರದುರ್ಗ ನೋಡಿದವರು ಇದನ್ನು ಕೋಟೆ ಅಂದರೆ ನಕ್ಕುಬಿಡುತ್ತಾರೆ. ಗೋಡೆ ಇಲ್ಲ, ಬುರುಜು ಇಲ್ಲ. ಕವಾಯತು ಮೈದಾನ, ಅದರ ಸುತ್ತ ಮನೆಗಳು, ಅಷ್ಟೇ. ಅಂಥದ್ದೊಂದು ಮನೆಯಲ್ಲಿ ಸೈನ್ಯದ ಡಾಕ್ಟರ್ ಜೆಂಕಿನ್ಸ್ ಫಿಟ್ಜೆರಾಲ್ಡ್ ಇದ್ದರು. ಜೊತೆಗೆ ಹೆಂಡತಿ ಎಮಿಲಿ, ಮಗಳು ಬೆಸ್, ಮಗ ಬರ್ಟ್.

ಎಮಿಲಿಯ ತವರು ದೇಶದ ಇನ್ನೊಂದು ತುದಿಯಲ್ಲಿ, ಪೆನ್ಸಿಲ್ವೇನಿಯಾದ ಕೊಲಂಬಿಯಾ ಅನ್ನುವ ಊರು. 1874ರಿಂದ 1878ರವರೆಗೆ ಎಮಿಲಿ ಅಲ್ಲಿದ್ದ ತಾಯಿಗೆ ಕಾಗದ ಬರೆಯುತ್ತಲೇ ಇದ್ದರು. ಆ ಕಾಗದಗಳು ಉಳಿದವು. 1962ರಲ್ಲಿ ಪುಸ್ತಕವಾಗಿಯೂ ಬಂದವು. ನಾನು ಈ ಕಡೆ ಗಾಡಿ ತಿರುಗಿಸಿದ್ದು ಅವನ್ನು ಓದಿಯೇ.

ಲ್ಯಾಪ್‌ವೈಗೆ ಬರುವ ಮೊದಲು ಇವರು ಅಲಾಸ್ಕಾದ ಸಿಟ್ಕಾದಲ್ಲಿದ್ದರು. ರಷ್ಯಾ ಅಲಾಸ್ಕಾವನ್ನು 1867ರಲ್ಲಿ 72 ಲಕ್ಷ ಡಾಲರಿಗೆ ಮಾರಿತ್ತಲ್ಲ, ಅದಾಗಿ ಕೆಲವೇ ವರ್ಷ. ಮಳೆ ಬಿಟ್ಟರೆ ಮಳೆ. ಟೆಲಿಗ್ರಾಫ್ ಇಲ್ಲ. ಟಪಾಲು ಹಡಗು ಹೆಚ್ಚುಕಮ್ಮಿ ತಿಂಗಳಿಗೊಂದು. ಮಗುವಿಗೆ ಜ್ವರ ಬಂದಿದೆ ಅಂತ ಬರೆದರೆ, ಅಜ್ಜಿ ಅದನ್ನು ಓದುವಷ್ಟರಲ್ಲಿ ಜ್ವರ ಬಿಟ್ಟು ಎಷ್ಟೋ ದಿನ ಆಗಿರುತ್ತಿತ್ತು. ಆದರೂ ಅಜ್ಜಿ ಆವತ್ತಿನಿಂದ ಚಿಂತೆ ಶುರು ಮಾಡಬೇಕು. ಗಂಡ ಡಾಕ್ಟರೇ ಆದರೂ ಮಕ್ಕಳ ವಿಷಯ ತಾಯಿಗೇ ಬರೆಯಬೇಕು, ಅಲ್ವಾ?

ಆಮೇಲೆ 1877 ಬಂತು. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1855ರ ಒಪ್ಪಂದದಲ್ಲಿ ನೆಜ್ ಪರ್ಸ್ ಜನರಿಗೆ ದೊಡ್ಡ ಸೀಮೆಯೇ ಉಳಿದಿತ್ತು. 1860ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. 1863ರ ಇನ್ನೊಂದು ಒಪ್ಪಂದದಲ್ಲಿ ಆ ಸೀಮೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ವಲ್ಲೋವಾ ಕಣಿವೆಯಲ್ಲಿದ್ದ ಜೋಸೆಫ್ ಮುಖಂಡನ ಗುಂಪು ಅದಕ್ಕೆ ಸಹಿ ಹಾಕಿರಲೇ ಇಲ್ಲ. 1877ರ ಮೇ ತಿಂಗಳಲ್ಲಿ ಜನರಲ್ ಹೋವರ್ಡ್ ಇದೇ ಠಾಣೆಗೆ ಇಂಥ ಗುಂಪುಗಳ ಮುಖಂಡರನ್ನು ಕರೆಸಿ, 30 ದಿನದಲ್ಲಿ ಜಾಗ ಖಾಲಿ ಮಾಡಿ ಆ ಉಳಿದ ಪಾಲಿನೊಳಗೆ ಬನ್ನಿ ಅಂದರು. ಮಾತಾಡಲು ನಿಂತ ಹಿರಿಯ ಟೂಹುಲ್‌ಹುಲ್‌ಜೋಟೆಯನ್ನು ಕೂಡಿಹಾಕಿದರು. ಜೂನ್‌ನಲ್ಲಿ ಕೆಲವು ಯುವಕರು ಸಾಮನ್ ನದಿಯ ದಂಡೆಯಲ್ಲಿ ನೆಲೆಸಿದ್ದ ಬಿಳಿಯರನ್ನು ಕೊಂದರು. ಯುದ್ಧ ಶುರು.

ಜೂನ್ 17ರಂದು ವೈಟ್ ಬರ್ಡ್ ಕಣಿವೆಯಲ್ಲಿ 34 ಸೈನಿಕರು ಸತ್ತರು. ನೆಜ್ ಪರ್ಸ್ ಕಡೆ ಒಂದು ಸಾವೂ ಇಲ್ಲ. ಸತ್ತವರಲ್ಲಿ ಲೆಫ್ಟಿನೆಂಟ್ ಥೆಲ್ಲರ್ ಒಬ್ಬರು. ಅವರ ಹೆಂಡತಿ ಇದೇ ಠಾಣೆಯಲ್ಲಿ, ಎಮಿಲಿಯ ಅಕ್ಕಪಕ್ಕದಲ್ಲೇ ಇದ್ದರು. ಹೆಣಗಳನ್ನು ಮಣ್ಣು ಮಾಡಲು ಸೈನ್ಯ ವಾಪಸ್ ಹೋದದ್ದು ಒಂದು ವಾರ ಕಳೆದ ಮೇಲೆ. ಅಷ್ಟು ದಿನ ಆ ಹೆಂಗಸಿಗೆ ಒಂದೇ ಸಂಕಟ: ನನ್ನ ಗಂಡ ಅಲ್ಲಿ ಬಿಸಿಲಲ್ಲಿ ಬಿದ್ದಿದ್ದಾನಲ್ಲ ಅಂತ. ಎಮಿಲಿ ಇದನ್ನೆಲ್ಲ ತಾಯಿಗೆ ಬರೆಯುತ್ತಾರೆ. ಹತ್ತಿರದ ಟೆಲಿಗ್ರಾಫ್ ಇದ್ದದ್ದು ವಾಲಾ ವಾಲಾದಲ್ಲಿ, ಸುದ್ದಿ ಕುದುರೆ ಮೇಲೆ ಹೋಗಬೇಕು. ಠಾಣೆಯಲ್ಲಿ ಒಂದು ಮನೆಗೆ ಸೌದೆ ಪೇರಿಸಿ ಅಡ್ಡ ಮಾಡಿದ್ದರು. ರಾತ್ರಿ ಗದ್ದಲ ಎದ್ದರೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಆ ಮನೆಗೆ ಓಡಬೇಕು. ಈ ಬಯಲಲ್ಲಿ ನಿಂತಾಗ ನನಗೆ ಮೊದಲು ಹೊಳೆದದ್ದು ಅದೇ. ಬಚ್ಚಿಟ್ಟುಕೊಳ್ಳಲು ಎಲ್ಲಿದೆ ಜಾಗ?

ಈಗ ಒಂದು ಕಷ್ಟದ ಮಾತು. ಎಮಿಲಿ ನೆಜ್ ಪರ್ಸ್ ಜನರ ಬಗ್ಗೆ ಬರೆಯುವಾಗ ಕನಿಕರ ಇಲ್ಲ. ಓದುವಾಗ ಮೈ ಉರಿಯುತ್ತದೆ. ತಮ್ಮ ಮನೆಯ ಮುಂದಿನ ನೆಲ ಯಾರದ್ದು ಅನ್ನುವ ಪ್ರಶ್ನೆಗೆ ಆ ಕಾಗದಗಳಲ್ಲಿ ಜಾಗವೇ ಇಲ್ಲ. ಹಾಗಂತ ಅವರ ಭಯ ಸುಳ್ಳಲ್ಲ. ಅಮ್ಮನಿಗೆ ಬರೆಯುವಾಗ ಯಾರೂ ಮಾತು ತೂಗಿ ಬರೆಯುವುದಿಲ್ಲ. ಅಧಿಕಾರಿಗಳ ವರದಿಗಿಂತ ನಾನು ಇದನ್ನೇ ಜಾಸ್ತಿ ನಂಬುವುದು ಅದಕ್ಕೇ. ಇಲ್ಲಿ ಅವರ ದ್ವೇಷವೂ ಬಚ್ಚಿಟ್ಟುಕೊಂಡಿಲ್ಲ.

ಆಮೇಲೆ ನೆಜ್ ಪರ್ಸ್ ಜನ ಪೂರ್ವಕ್ಕೆ ಹೊರಟರು. ಅವರನ್ನು ಬೆನ್ನಟ್ಟಿದ ಹೋವರ್ಡರ ದಂಡಿನ ಜೊತೆ ಡಾಕ್ಟರೂ ಹೊರಟರು. ಲೋಲೊ ದಾರಿಯಲ್ಲಿ ಬೆಟ್ಟ ಹತ್ತಿ ಮೊಂಟಾನಾಗೆ. ಈಗ ಕಾಗದ ಕಾಯುವ ಸರದಿ ಎಮಿಲಿಯದ್ದು. ಆಗಸ್ಟ್ 9ರ ನಸುಕಿನಲ್ಲಿ ಬಿಗ್ ಹೋಲ್ ಅನ್ನುವಲ್ಲಿ ಮಲಗಿದ್ದ ನೆಜ್ ಪರ್ಸ್ ಬಿಡಾರದ ಮೇಲೆ ಕರ್ನಲ್ ಗಿಬ್ಬನ್ ಕಡೆಯ ಸೈನಿಕರು ಬಿದ್ದರು. ಆಮೇಲೆ ತಾವೂ ಸಿಕ್ಕಿಹಾಕಿಕೊಂಡರು. ಎರಡು ದಿನ ಬಿಟ್ಟು ಬಂದ ಡಾಕ್ಟರುಗಳಲ್ಲಿ ಫಿಟ್ಜೆರಾಲ್ಡ್ ಒಬ್ಬರು. ಅವರಿಗಾಗಿ ಕಾಯುತ್ತಿದ್ದವರು ಸುಮಾರು 40 ಗಾಯಾಳು ಸೈನಿಕರು. ಅದೇ ಜಾಗದಲ್ಲಿ ಸತ್ತ ನೆಜ್ ಪರ್ಸ್ ಜನ 60ರಿಂದ 90 ಅಂತ ಅಂದಾಜು. ಅವರಲ್ಲಿ ಹೆಂಗಸರು, ಮಕ್ಕಳೇ ಎಷ್ಟೋ. ಇಲ್ಲಿ ಸೌದೆಯ ಅಡ್ಡದ ಹಿಂದೆ ಮಕ್ಕಳನ್ನು ಕೂರಿಸಿಕೊಂಡಿದ್ದವರಿಗೆ ಅಲ್ಲಿ ಹೊದಿಕೆಯೊಳಗೇ ಸತ್ತ ಮಕ್ಕಳು ಕಾಣಲಿಲ್ಲ.

ಅಕ್ಟೋಬರ್ 5ರಂದು, ತಪ್ಪಿಸಿಕೊಂಡು ಹೋಗುತ್ತಿದ್ದ ಕೆನಡಾದ ಗಡಿಗೆ ಸುಮಾರು 40 ಮೈಲಿ ಇರುವಾಗ ಜೋಸೆಫ್ ಶರಣಾದರು. ಸೆರೆ ಸಿಕ್ಕವರನ್ನು ಕಾನ್ಸಾಸ್‌ಗೆ, ಅಲ್ಲಿಂದ ಇಂದಿನ ಓಕ್ಲಹೋಮಾಗೆ ಸಾಗಿಸಿದರು. ವಾಯವ್ಯಕ್ಕೆ ಮರಳಲು 1885 ಆಯಿತು. ಜೋಸೆಫ್‌ಗೆ ವಲ್ಲೋವಾ ವಾಪಸ್ ಸಿಗಲೇ ಇಲ್ಲ. 1904ರಲ್ಲಿ ವಾಷಿಂಗ್ಟನ್ ರಾಜ್ಯದ ಕೋಲ್ವಿಲ್ ಮೀಸಲು ಪ್ರದೇಶದಲ್ಲಿ ತೀರಿಕೊಂಡರು.

ಸೈನ್ಯ ಬಿಟ್ಟುಹೋದ ಮೇಲೆ ಈ ಠಾಣೆಯ ಕಟ್ಟಡಗಳಲ್ಲಿ ಶಾಲೆ ಬಂತು. 20ನೇ ಶತಮಾನದ ಆರಂಭದಲ್ಲಿ ಅದು ಬುಡಕಟ್ಟು ಮಕ್ಕಳ ಕ್ಷಯದ ಆಸ್ಪತ್ರೆ ಆಯಿತು. ದೂರದೂರದಿಂದ ಮಕ್ಕಳನ್ನು ತಂದು ಇಲ್ಲೇ ಇಟ್ಟುಕೊಳ್ಳುತ್ತಿದ್ದರು. ಆ ಮಕ್ಕಳೂ ಮನೆಗೆ ಕಾಗದ ಬರೆದಿರುತ್ತಾರೆ, ಬರೆಯಲು ಬಿಟ್ಟಿದ್ದರೆ. ನನಗೆ ಈಗ ಓದಬೇಕು ಅನ್ನಿಸುತ್ತಿರುವುದು ಅವನ್ನು.